ಹಿತ್ತಲ ತೋಟವೂ ಹೆಗ್ಗಣವೂ

ಹಿತ್ತಲ ಗಿಡ ಮದ್ದಲ್ಲವೆಂದು ನಮ್ಮ ಹಿರಿಯರು ಹೇಳಿದರು. ಆದರೆ ಹಿತ್ತಲ ಗಿಡವು ಹೆಗ್ಗಣಕ್ಕೆ ಮೃಷ್ಟಾನ್ನವೆಂಬುದನ್ನು ಹೇಳಲು ಅವರು ಮರೆತರೆಂದು ಕಾಣುತ್ತದೆ. ಈ ಜ್ಞಾನವನ್ನು ನಾನು ಸ್ವಾನುಭವದಿಂದಲೇ ಸಂಪಾದಿಸಬೇಕಾಯಿತು. ಅದಕ್ಕೆ ತೆತ್ತ ಬೆಲೆ ನನ್ನೊಬ್ಬನದೇ ಆಗಿದ್ದಿದ್ದರೆ ಈ ಲೇಖನವನ್ನು ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ.

ನಮ್ಮ ಮನೆಯಿರುವುದು ಬನಶಂಕರಿ ಎರಡನೆಯ ಹಂತದಲ್ಲಿ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನ. ಮನೆ ಕಟ್ಟಿ ಮಿಕ್ಕದ್ದು ಹಿಂಬದಿಯ ಒಂದು ಪಟ್ಟಿ ನೆಲ. “ಕಾಲ ಕೆಳಗೆ ಮಣ್ಣಿಟ್ಟುಕೊಂಡು ಸೊಪ್ಪನ್ನು ದುಡ್ಡು ಕೊಟ್ಟು ತಿನ್ನೋದು ಒಂದು ಬಾಳೇನೋ?” ಎಂದು ಮಾಗಡಿ ಕಡೆಯ ಹಳ್ಳಿಯಿಂದ ಬಂದ ನಮ್ಮ ಅಜ್ಜಿ ಪ್ರತಿದಿನವೂ ಕೇಳುತ್ತಿದ್ದರು. ಕಡೆಗೆ ತಂದೆಯವರು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಬೀಜದ ಪೊಟ್ಟಣಗಳನ್ನು ತಂದರು. ಟೊಮೇಟೊ, ಬದನೆ, ಹುರುಳಿಕಾಯಿ, ಒಂದು ಮೂಲೆಯಲ್ಲಿ ಗೆಣಸಿನ ಬಳ್ಳಿ. ಇಷ್ಟೇ ನಮ್ಮ ಕೃಷಿಸಾಮ್ರಾಜ್ಯ.

ಸಾಮ್ರಾಜ್ಯದ ಮೇಲೆ ದಂಡೆತ್ತಿ ಬರುವವರು ಇದ್ದೇ ಇರುತ್ತಾರೆ. ಹುರುಳಿಕಾಯಿಯ ಬೀಜ ಮೊಳೆಯುವ ಮೊದಲೇ ಮಾಯವಾಯಿತು. ಕೆಂಪೇರಿದ ಟೊಮೇಟೊಗಳು ಬೆಳಗಾಗುವುದರೊಳಗೆ ಅರ್ಧಚಂದ್ರಾಕಾರ ತಾಳಿದುವು. ಗೆಣಸನ್ನು ಅಗೆದು ನೋಡಿದರೆ ಸಿಪ್ಪೆ ಮಾತ್ರ ನಮಗೆ, ತಿರುಳು ಅವರಿಗೆ. ಗೋಡೆಯ ಬುಡದಲ್ಲಿ ಬಿಲ, ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ. ಇದು ಹೆಗ್ಗಣದ ರುಜು.

ಇಲ್ಲಿ ಒಂದು ಮಾತನ್ನು ಹೇಳಬೇಕು. ನಾವು ‘ಇಲಿ’ ಎಂದು ಒಂದೇ ಹೆಸರಿನಿಂದ ಕರೆದು ಬಡಿಯುವವುಗಳೆಲ್ಲ ಒಂದೇ ಅಲ್ಲ. ಬಿಲ ತೋಡುವ ಹೆಗ್ಗಣ ಬೇರೆ, ಗೋಡೆಯೇರಿ ಮಾಡಿಗೆ ಹೋಗುವ ಇಲಿ ಬೇರೆ, ಅಡಿಗೆಮನೆಯ ಡಬ್ಬಗಳ ಹಿಂದಿರುವ ಸುಂಡಿಲಿ ಬೇರೆ. ಉದ್ದಮೂತಿಯ, ನಾತದ ಸೊಂಡಿಲಿಯಂತೂ ಇವುಗಳ ಕುಲಕ್ಕೇ ಸೇರಿದುದಲ್ಲ. ಅದು ಜಿರಳೆ, ಹುಳುಹುಪ್ಪಟೆಗಳನ್ನು ತಿಂದು ನಮಗೆ ಉಪಕಾರವನ್ನೇ ಮಾಡುತ್ತದೆ. ರೂಪದ ದೆಸೆಯಿಂದ ಏಟು ತಿನ್ನುತ್ತದೆ. ಹಗಲಿನಲ್ಲಿ ಟೊಮೇಟೊವನ್ನು ಕಚ್ಚುವ ಅಳಿಲಾದರೋ ಇಲಿಯ ಬಂಧುವೇ. ಆದರೆ ಬೆನ್ನ ಮೇಲೆ ಮೂರು ಗೀಟಿರುವುದರಿಂದ ಅದಕ್ಕೆ ಕ್ಷಮೆಯುಂಟು!

ಮೊದಲು ಬೋನನ್ನು ತಂದೆವು. ಮಸಾಲೆವಡೆಯ ಚೂರಿಟ್ಟೆವು. ಇಲಿಜಾತಿಗೆ ಹೊಸ ವಸ್ತುವನ್ನು ಕಂಡರೆ ಸಂಶಯ. ಕೆಲವು ದಿನ ಅದರ ಹತ್ತಿರವೇ ಸುಳಿಯದು. ವಾರ ಕಳೆದ ಮೇಲೆ ಒಂದು ಸಿಕ್ಕಿತು. ಕೊಲ್ಲಲು ತಂದೆಯವರಿಗೆ ಮನಸ್ಸು ಬರಲಿಲ್ಲ. ಬೋನನ್ನು ಸ್ಕೂಟರಿನ ಮೇಲಿಟ್ಟುಕೊಂಡು, ಕನಕಪುರ ರಸ್ತೆಯನ್ನು ದಾಟಿ, ಜಯನಗರದ ಕಡೆಯ ಒಂದು ಖಾಲಿ ನಿವೇಶನದಲ್ಲಿ ಬಿಟ್ಟು ಬಂದರು. ಇದನ್ನು ಕಾಲೇಜಿನಲ್ಲಿ ಹೇಳಿದಾಗ ಜಯನಗರದ ಸಹಪಾಠಿಯೊಬ್ಬ ಬಿದ್ದು ಬಿದ್ದು ನಕ್ಕ. ಅವರ ಮನೆಯವರು ತಮ್ಮ ಇಲಿಗಳನ್ನು ಬನಶಂಕರಿಗೆ ತಂದು ಬಿಡುತ್ತಿದ್ದರಂತೆ! ಎರಡು ಬಡಾವಣೆಗಳ ನಡುವೆ ಇಂಥ ವಿನಿಮಯ ಎಷ್ಟು ದಿನದಿಂದ ನಡೆಯುತ್ತಿದೆಯೋ ದೇವರೇ ಬಲ್ಲ.

ನನ್ನ ತಾಳ್ಮೆ ಮುಗಿಯಿತು. ಅಂಗಡಿಯಿಂದ ವಿಷದ ಬಿಲ್ಲೆಗಳನ್ನು ತಂದು, ಮನೆಯಲ್ಲಿ ಯಾರಿಗೂ ಹೇಳದೆ, ಬಿಲಗಳ ಬಳಿ ಇಟ್ಟೆ. ಒಂದು ವಾರ ತೋಟವು ಶಾಂತವಾಗಿತ್ತು. ಎರಡನೆಯ ವಾರ ನೆರೆಮನೆಯ ದೊಡ್ಡಮ್ಮನವರ ಬೆಕ್ಕು ಅವರ ಮೆಟ್ಟಿಲ ಮೇಲೆ ಮೂಗಿನಲ್ಲಿ ರಕ್ತ ಒಸರುತ್ತಾ ಮಲಗಿತ್ತು. ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯರ ಬಳಿಗೆ ಹೋದವನು ನಾನೇ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಿದು, ವಿಷ ತಿಂದ ಇಲಿಗಳನ್ನು ಹಿಡಿದು ತಿಂದಿರಬೇಕು, ಬಂದದ್ದು ತಡವಾಯಿತು ಎಂದು ವೈದ್ಯರು ಹೇಳಿದರು. ಸಂಜೆಗೆ ಬೆಕ್ಕು ಸತ್ತಿತು. “ಯಾವ ಪಾಪಿಗಳು ಹಾಕಿದರೋ ಕಣಪ್ಪಾ” ಎಂದು ದೊಡ್ಡಮ್ಮನವರು ನನ್ನ ಮುಂದೆಯೇ ಕಣ್ಣೊರಸಿಕೊಂಡರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಬಾಯಿ ಬರಲಿಲ್ಲ.

ಅಂದಿನಿಂದ ಈ ವಿಷಯವನ್ನು ಕುರಿತು ಯೋಚಿಸಿದ್ದೇನೆ, ಓದಿದ್ದೇನೆ. ನನಗೆ ತೋರಿದುದನ್ನು ಹೇಳುತ್ತೇನೆ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಬಾಲ್ಯದಲ್ಲಿ ಕೇಳದವರು ನಮ್ಮಲ್ಲಿ ವಿರಳ. ಇಂಗ್ಲಿಷ್ ಕವಿ ಬ್ರೌನಿಂಗನ ಕಥೆ ಅಲ್ಲಿ ಅಪ್ಪಟ ಕನ್ನಡದ ಕಥೆಯಾಗಿದೆ. ಊರಿಗೆ ಇಲಿಗಳು ಹೋಗಬೇಕು, ಆದರೆ ಅದಕ್ಕೆ ಸಲ್ಲಬೇಕಾದ ಬೆಲೆಯನ್ನು ಕೊಡಲು ಮಾತ್ರ ಊರು ಒಲ್ಲದು. ಕಡೆಗೆ ಆ ಊರು ಮಕ್ಕಳನ್ನೇ ಕಳೆದುಕೊಳ್ಳುತ್ತದೆ. ನಮ್ಮ ಬಿ.ಟಿ.ಎಂ. ಬಡಾವಣೆಯ ಆಚೆಗೂ ಒಂದು ಬೊಮ್ಮನಹಳ್ಳಿಯುಂಟು. ಕವಿಯ ಊರು ಅದಲ್ಲದಿರಬಹುದು. ಆದರೆ ಬೆಲೆ ಕೊಡದೆ ಇಲಿ ಹೋಗಬೇಕೆನ್ನುವ ಬುದ್ಧಿ ಅಲ್ಲಿಗೂ ಇಲ್ಲಿಗೂ ಒಂದೇ. ವಿಷವೆಂದರೆ ಬೆಲೆ ಕೊಡದೆ ತಪ್ಪಿಸಿಕೊಳ್ಳುವ ಉಪಾಯ. ಆ ಬೆಲೆಯನ್ನು ಬೇರೆ ಯಾರೋ ತೆರುತ್ತಾರೆ.

ಇದು ಅಲಂಕಾರದ ಮಾತಲ್ಲ. 2024ರ ನವೆಂಬರಿನಲ್ಲಿ ಚೆನ್ನೈ ಬಳಿಯ ಕುಂದ್ರತ್ತೂರಿನಲ್ಲಿ, ಮನೆಯೊಳಗೆ ಇಲಿಪಾಷಾಣ ಹಾಕಿಸಿ ಮಲಗಿದ ಕುಟುಂಬವೊಂದರ ಇಬ್ಬರು ಎಳೆಯ ಮಕ್ಕಳು ತೀರಿಹೋದರು. ಸತುವಿನ ಫಾಸ್ಫೈಡ್ ಎಂಬ ಕಪ್ಪು ಪುಡಿಯು ಹೊಟ್ಟೆಯ ಆಮ್ಲ ತಗುಲಿದೊಡನೆ ವಿಷಾನಿಲವಾಗುತ್ತದೆ. ಹಳದಿ ರಂಜಕದ ಲೇಪವು ಯಕೃತ್ತನ್ನೇ ಕೆಡಿಸುತ್ತದೆ. ಇವೆರಡಕ್ಕೂ ನೇರವಾದ ಪ್ರತಿವಿಷವಿಲ್ಲ. ನಾನು ತಂದ ಬಿಲ್ಲೆಯಂಥವುಗಳನ್ನು ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಓಡಾಡುತ್ತದೆ. ಅದನ್ನು ಹಿಡಿದ ಬೆಕ್ಕಿಗೂ ಗೂಬೆಗೂ ವಿಷವೇರುತ್ತದೆ. ಗೂಬೆ ಮನೆಯ ಮೇಲೆ ಕುಳಿತರೆ ಅಪಶಕುನವೆನ್ನುವವರು ಇಂದಿಗೂ ಇದ್ದಾರೆ. ಇಲಿಯನ್ನೇ ಉಂಡು ಬದುಕುವ ಆ ಹಕ್ಕಿಗಿಂತ ಶುಭಶಕುನ ತೋಟಗಾರನಿಗೆ ಬೇರೊಂದುಂಟೆ? ಕೇರೆಹಾವನ್ನು ಕಂಡೊಡನೆ ದೊಣ್ಣೆ ಹುಡುಕುವವರಿಗೂ ಇದೇ ಮಾತು. ಕಾವಲುಗಾರರನ್ನು ಕೊಂದು ಕಳ್ಳರು ಹೆಚ್ಚಿದರೆಂದು ಗೋಳಾಡುವುದು ವಿವೇಕವಲ್ಲ.

ಇಷ್ಟೆಲ್ಲ ಮಾಡಿದರೂ ಇಲಿ ಮುಗಿಯುವುದಿಲ್ಲ. ಮೂರು ವಾರಗಳ ಗರ್ಭ, ಒಂದೊಂದು ಸೂಲಿಗೂ ಹಲವು ಮರಿ, ಕೆಲವೇ ತಿಂಗಳಲ್ಲಿ ಆ ಮರಿಗಳೂ ತಾಯಂದಿರು. ಅನ್ನ, ಆಶ್ರಯ ಇದ್ದಲ್ಲಿ ತೆರವಾದ ಜಾಗ ಮತ್ತೆ ತುಂಬುತ್ತದೆ. ಆದುದರಿಂದ ಲೆಕ್ಕ ಹಾಕಬೇಕಾದುದು ಇಲಿಗಳನ್ನಲ್ಲ, ನಾವು ಬಡಿಸುವ ಎಲೆಗಳನ್ನು.

ನಮ್ಮ ನಗರವು ಈ ಪಾಠವನ್ನು ಒಮ್ಮೆ ಕಲಿತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಮನೆಯಲ್ಲಿ ಇಲಿ ಬಿದ್ದರೆ ಜನ ಮನೆ ಬಿಟ್ಟು ಬಯಲಿಗೆ ಓಡಿದ ಕಾಲ ಅದು. ಆ ಪಿಡುಗಿನ ನೆರಳಿನಲ್ಲಿಯೇ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಅಗಲವಾದ ಬೀದಿ, ಗಾಳಿ ಬೆಳಕು, ನೀರು ಹರಿದುಹೋಗುವ ಚರಂಡಿ ಇರಬೇಕೆಂಬ ವಿಚಾರ ಆಗ ಬಲವಾಯಿತು. ನಮ್ಮ ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರ ಹುಟ್ಟಿನಲ್ಲಿ ಇಲಿಗೂ ಒಂದು ಪಾಲುಂಟೆಂದರೆ ಅತಿಶಯೋಕ್ತಿಯಲ್ಲ. ಇಂದು ಪ್ಲೇಗಿನ ಭಯವಿಲ್ಲ, ಆದರೆ ಇಲಿಜ್ವರವುಂಟು. ಇಲಿಯ ಮೂತ್ರ ಬೆರೆತ ನೀರು, ಕೆಸರುಗಳಿಂದ ಗಾಯದ ಮೂಲಕ ಅದು ಮೈಗೆ ಸೇರುತ್ತದೆ. ಬರಿಗೈಯಲ್ಲಿ ಮಣ್ಣು ಕೆದಕುವ ತೋಟದವರು ಇದನ್ನು ಮರೆಯಬಾರದು.

ಹಾಗಾದರೆ ಕೊಡಬೇಕಾದ ಬೆಲೆ ಯಾವುದು? ಅದು ಹಣವಲ್ಲ, ಬೇಸರ ತರುವ ದುಡಿಮೆ. ಮಾಗಿದ ಕಾಯನ್ನು ಸಂಜೆಯೇ ಕೊಯ್ಯುವುದು, ಉದುರಿದುದನ್ನು ಆರಿಸುವುದು. ಗೊಬ್ಬರಕ್ಕೆ ಬೇಯಿಸಿದ ಅನ್ನ ಹಾಕದಿರುವುದು, ಹಾಕಿದರೆ ಭದ್ರವಾದ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕುವುದು. ಗೋಡೆಯ ಬುಡದಲ್ಲಿ ಹಳೆಯ ಹಲಗೆ, ಇಟ್ಟಿಗೆಗಳ ರಾಶಿ ಇಡದಿರುವುದು. ಹೆಬ್ಬೆರಳು ತೂರುವಷ್ಟು ಕಂಡಿಯೂ ಇಲಿಗೆ ಹೆಬ್ಬಾಗಿಲೇ. ಅದನ್ನು ಸಿಮೆಂಟಿನಿಂದ ಮುಚ್ಚುವುದು, ಮೋರಿಯ ಬಾಯಿಗೆ ಗಟ್ಟಿಯಾದ ತಂತಿಯ ಜಾಲರಿ ಹಾಕುವುದು. ಪಾತಿಯ ಕೆಳಗೂ ಸುತ್ತಲೂ ಕಾಲು ಅಂಗುಲ ಕಣ್ಣಿನ ಜಾಲರಿ ಹೂಳಿದರೆ ಗೆಣಸು ನಮ್ಮದಾಗುತ್ತದೆ. ಬೋನನ್ನು ಕೆಲವು ದಿನ ಬಾಗಿಲು ತೆರೆದೇ ಇಟ್ಟು ತಿಂಡಿ ಕೊಟ್ಟು, ನಂಬಿಕೆ ಬಂದ ಮೇಲೆ ಹೂಡಬೇಕು. ಸಿಕ್ಕಿದುದನ್ನು ಪರರ ಬೀದಿಗೆ ಸಾಗಿಸುವುದು ಕರುಣೆಯಲ್ಲ. ಕೊಲ್ಲಲೇಬೇಕಾದರೆ ಒಂದೇ ಏಟಿಗೆ ಮುಗಿಸುವ ಕತ್ತರಿಬೋನು, ಅಂಟಿನ ಹಲಗೆಯ ಮೇಲೆ ದಿನಗಟ್ಟಲೆ ನರಳಿಸುವುದಕ್ಕಿಂತ ಮೇಲು.

ಇವಿಷ್ಟನ್ನೂ ನಾನೊಬ್ಬ ಮಾಡಿದರೆ ಸಾಲದು. ಹೆಗ್ಗಣಕ್ಕೆ ನಿವೇಶನದ ಸಂಖ್ಯೆ ಗೊತ್ತಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರಲು ಪರರ ತಟ್ಟೆಯ ನೊಣ ತೋರಿಸಿದರೆಂಬ ಗಾದೆ ನಮ್ಮ ಅಡ್ಡರಸ್ತೆಗೆ ಅಕ್ಷರಶಃ ಹೊಂದುತ್ತದೆ. ಮೂಲೆಯ ಖಾಲಿ ನಿವೇಶನಕ್ಕೆ ರಾತ್ರಿ ಕಸದ ಚೀಲವನ್ನು ಎಸೆದು, ಬೆಳಿಗ್ಗೆ ನಗರಪಾಲಿಕೆಯನ್ನು ಬಯ್ಯುವವರು ನಾವೇ ಅಲ್ಲವೆ? ಪಾಲಿಕೆಯ ಕರ್ತವ್ಯವಿಲ್ಲವೆಂದು ನನ್ನ ವಾದವಲ್ಲ. ನಮ್ಮ ಕರ್ತವ್ಯ ಮೊದಲೆಂದಷ್ಟೇ.

ಗಣಪನ ವಾಹನವನ್ನು ಹಿಂಸಿಸಬಹುದೆ ಎಂದು ಕೆಲವರು ಕೇಳುತ್ತಾರೆ. ಬಸವನಗುಡಿಯ ಐತಿಹ್ಯವನ್ನು ಅವರಿಗೆ ನೆನಪಿಸುತ್ತೇನೆ. ಸುಂಕೇನಹಳ್ಳಿಯ ರೈತರ ಕಡಲೆಕಾಯಿಯನ್ನು ರಾತ್ರಿ ಮೇಯುತ್ತಿದ್ದ ಬಸವನನ್ನು ಅವರು ಹೊಡೆದರು, ಅದು ಕಲ್ಲಾಯಿತು, ರೈತರು ಪಶ್ಚಾತ್ತಾಪಪಟ್ಟು ಮೊದಲ ಫಸಲನ್ನು ಅದಕ್ಕೇ ಅರ್ಪಿಸಿದರು ಎಂದು ಹೇಳುತ್ತಾರೆ. ಇಂದಿಗೂ ಕಾರ್ತಿಕದ ಕಡೆಯ ಸೋಮವಾರ ಪರಿಷೆ ನಡೆಯುತ್ತದೆ. ಹೆಗ್ಗಣಕ್ಕೆ ಗುಡಿ ಕಟ್ಟಿರೆಂದು ನಾನು ಹೇಳುತ್ತಿಲ್ಲ. ಬೆಳೆಯುವವನ ಕೋಪಕ್ಕೂ ಒಂದು ಮಿತಿ ಇರಬೇಕೆಂಬುದನ್ನು ಆ ರೈತರು ತಿಳಿದಿದ್ದರೆಂದು ಹೇಳುತ್ತಿದ್ದೇನೆ.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮುನ್ನ ದೊಡ್ಡಮ್ಮನವರ ಮನೆಗೆ ಹೋಗಿ, ವಿಷವಿಟ್ಟ ಪಾಪಿ ನಾನೇ ಎಂದು ಹೇಳಿದೆ. ಅವರು ಏನೂ ಆಡದೆ ಒಳಗೆ ಹೋದರು. ಮೂರು ದಿನ ಮಾತಿರಲಿಲ್ಲ. ನಾಲ್ಕನೆಯ ದಿನ ಕರೆದು, “ಬೆಕ್ಕುಗಳಿಗೆ ಅಂತ ರಾತ್ರಿಯೆಲ್ಲಾ ಮೊಸರನ್ನ ಹೊರಗಿಡ್ತಿದ್ದೆನಲ್ಲಾ, ಅದನ್ನೂ ಹೆಗ್ಗಣಗಳೇ ತಿಂತಿದ್ವೇನೋ?” ಎಂದು ಕೇಳಿದರು. ಇರಬಹುದೆಂದೆ. ಈಗ ಅವರ ಹಿತ್ತಲಲ್ಲಿ ತಿರುಗುವ ಎರಡು ಮರಿಬೆಕ್ಕುಗಳ ತಟ್ಟೆ ಕತ್ತಲಾಗುವ ಮೊದಲೇ ತೊಳೆದು ಒಳಗೆ ಹೋಗುತ್ತದೆ. ನಮ್ಮ ಎರಡು ಮನೆಗಳ ನಡುವಣ ಗೋಡೆಯ ಕಂಡಿಯನ್ನು ಕಳೆದ ಭಾನುವಾರ ನಾವಿಬ್ಬರೂ ಸೇರಿ ಮುಚ್ಚಿದೆವು. ಮೂಲೆಯ ಖಾಲಿ ನಿವೇಶನ ಇನ್ನೂ ಹಾಗೆಯೇ ಇದೆ. ಅದಕ್ಕೆ ಬೀದಿಯವರೆಲ್ಲ ಬೇಕು.