ಶಸ್ತ್ರಪಾಣಿಯಾದ ಗೃಹಸ್ಥನು

ನಮ್ಮ ವಾಚಕಮಹಾಶಯರೊಬ್ಬರು ಬರೆದಿರುವ ಪತ್ರವು ಈ ತಿಂಗಳು ನಮ್ಮನ್ನು ಬಹಳವಾಗಿ ಯೋಚನೆಗೆ ಹಚ್ಚಿರುವುದು. ಅವರ ಪುತ್ರನು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಟೆಕ್ಸಾಸಿನಲ್ಲಿ ನೆಲಸಿ, ಈಚೆಗೆ ಖಾಯಂ ವಾಸದ ಹಕ್ಕನ್ನು ಪಡೆದು, ಒಂದು ಪಿಸ್ತೂಲನ್ನು ಕೊಂಡು ಸದಾ ಸೊಂಟದಲ್ಲಿ ಧರಿಸಬೇಕೆಂದಿರುವನಂತೆ. (ತಾತ್ಕಾಲಿಕ ವೀಸಾದ ಮೇಲೆ ಹೋದವರಿಗೆ ಅಲ್ಲಿನ ಕಾನೂನು ಸಾಮಾನ್ಯವಾಗಿ ಬಂದೂಕವನ್ನು ಹೊಂದಗೊಡದು.) ಅಂಗಡಿಯಲ್ಲಿಯೋ ದೇವಾಲಯದಲ್ಲಿಯೋ ಯಾವನೊಬ್ಬ ದುಷ್ಟನು ಜನರ ಮೇಲೆ ಗುಂಡಿನ ಮಳೆಗರೆದರೆ ಕೈಕಟ್ಟಿ ನಿಲ್ಲುವುದು ಹೇಡಿತನವಲ್ಲವೆ ಎಂಬುದು ಮಗನ ವಾದ. ತಾಯಿಯವರಿಗೆ ನಿದ್ರೆಯಿಲ್ಲ. ಶಾಸ್ತ್ರವೇನು ಹೇಳುವುದೆಂದು ತಂದೆಯವರ ಪ್ರಶ್ನೆ.

ಶಾಸ್ತ್ರವು ಮಗನ ಪಕ್ಷದಲ್ಲಿರುವುದೆಂದು ಮೊದಲೇ ಒಪ್ಪಿಬಿಡುವೆವು. ಬೆಂಕಿಯಿಕ್ಕುವವನು, ವಿಷವಿಕ್ಕುವವನು, ಕೊಲ್ಲಲೆಂದು ಶಸ್ತ್ರ ಹಿಡಿದು ಬರುವವನು ಮೊದಲಾದವರನ್ನು ಧರ್ಮಶಾಸ್ತ್ರಕಾರರು ಆತತಾಯಿಗಳೆಂದು ಕರೆದಿರುವರು. ಅಂಥವನನ್ನು ಕೊಂದವನಿಗೆ ದೋಷವಿಲ್ಲವೆಂಬುದು ಮನುವಿನ ಮತ. ಅಧಿಕಾರದ ವಿಷಯದಲ್ಲಿ ಸಂದೇಹವಿಲ್ಲ. ಸಂದೇಹವಿರುವುದು ಗುರುತಿನ ವಿಷಯದಲ್ಲಿ. ತಡೆಯಲು ಬಂದವನೂ ಶಸ್ತ್ರಪಾಣಿಯೇ ಅಲ್ಲವೆ?

ಇಂಡಿಯಾನಾ ಪ್ರಾಂತದ ಗ್ರೀನ್‌ವುಡ್ ಪಟ್ಟಣದ ಮಾಲ್ ಒಂದರಲ್ಲಿ 2022ನೆಯ ಜುಲೈ 17ರಂದು ಒಬ್ಬ ಘಾತುಕನು ಮೂವರನ್ನು ಕೊಂದನು. ಅಲ್ಲಿಯೇ ಇದ್ದ 22 ವರ್ಷದ ತರುಣನೊಬ್ಬನು ಸುಮಾರು 40 ಗಜ ದೂರದಿಂದ 10 ಗುಂಡುಗಳನ್ನು ಹಾರಿಸಿ, 8ನ್ನು ನಾಟಿಸಿ, ಗಲಭೆ ಮೊದಲಾದ 15 ಸೆಕೆಂಡುಗಳೊಳಗಾಗಿ ಅವನನ್ನು ಉರುಳಿಸಿದನು. ಅವನು ಸಿಪಾಯಿಯಲ್ಲ, ಪೊಲೀಸಿನವನೂ ಅಲ್ಲ. ಎಷ್ಟು ಪ್ರಾಣಗಳು ಉಳಿದುವೋ! ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಅದರ ಹಿಂದಿನ ವರ್ಷ, 2021ನೆಯ ಜೂನ್ 21ರಂದು, ಕೊಲೊರಾಡೊದ ಆರ್ವಾಡಾದಲ್ಲಿ ಪೊಲೀಸನೊಬ್ಬನನ್ನು ಕೊಂದ ಘಾತುಕನನ್ನು ಒಬ್ಬ ನಾಗರಿಕನು ಧೈರ್ಯದಿಂದ ಹೊಡೆದುರುಳಿಸಿದನು. ಅಲ್ಲಿಗೆ ಅವನ ಕೆಲಸವು ಮುಗಿದಿತ್ತು. ಆದರೆ ಘಾತುಕನ ರೈಫಲ್ಲನ್ನು ಕೈಗೆತ್ತಿಕೊಂಡು ನಿಂತಿದ್ದಾಗ ಧಾವಿಸಿ ಬಂದ ಮತ್ತೊಬ್ಬ ಪೊಲೀಸನು ಇವನನ್ನೇ ಘಾತುಕನೆಂದು ಬಗೆದು ಗುಂಡಿಕ್ಕಿದನು. ಉಪಕಾರಿಯು ಸತ್ತನು. ಗುಂಡಿಕ್ಕಿದವನ ಮೇಲೆ ಮೊಕದ್ದಮೆ ನಡೆಯಲಿಲ್ಲ. ಅವನ ಕಣ್ಣಿಗೆ ಕಂಡದ್ದು ರೈಫಲ್ ಹಿಡಿದ ಒಬ್ಬ ಮನುಷ್ಯನಷ್ಟೆ. ದ್ರೋಣಪರ್ವದ ರಾತ್ರಿಯುದ್ಧದಲ್ಲಿ ದೀವಟಿಗೆ ಹೊತ್ತಿಸುವ ಮುನ್ನ ತಮ್ಮವರನ್ನೇ ಇರಿದವರ ಕಥೆಯನ್ನು ಬಲ್ಲವರಿಗೆ ಇದು ಹೊಸದಲ್ಲ.

ನಮ್ಮ ಮನಸ್ಸಿನಲ್ಲಿ ನಿಂತಿರುವುದು ಆರಿಜೋನಾದ ಟೂಸಾನ್. 2011ನೆಯ ಜನವರಿ 8ರಂದು ಅಲ್ಲಿ ಆರು ಜನರು ಹತರಾದರು. ಸಂಸತ್ತಿನ ಸದಸ್ಯೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರ ತಲೆಗೆ ಗುಂಡು ತಗುಲಿತು. ಪಕ್ಕದ ಔಷಧದ ಅಂಗಡಿಯಿಂದ ಪಿಸ್ತೂಲುಧಾರಿಯಾದ ತರುಣನೊಬ್ಬನು ಓಡಿಬಂದನು. ಎದುರಿಗೆ ಒಬ್ಬನ ಕೈಯಲ್ಲಿ ಬಂದೂಕ! ಹೊಡೆಯುವುದೊಂದೇ ಬಾಕಿ. ಆ ಬಂದೂಕ ಹಿಡಿದವನೋ, ಘಾತುಕನ ಕೈಯಿಂದ ಅದನ್ನು ಕಸಿದುಕೊಂಡವನು! ತರುಣನು ಕ್ಷಣಕಾಲ ತಡೆದುದರಿಂದ ಅನರ್ಥವು ತಪ್ಪಿತು. ಘಾತುಕನನ್ನು ನೆಲಕ್ಕೊತ್ತಿ ಹಿಡಿದವರು ನಿರಾಯುಧರು. ಹೊಸ ಗುಂಡಿನ ಕೋಶವು ಅವನ ಕೈಸೇರದಂತೆ ಕಿತ್ತುಕೊಂಡವಳು 61 ವರ್ಷದ ಒಬ್ಬ ಮಹಿಳೆ.

ಇದೂ ಅಪರೂಪವಲ್ಲ. 2000ದಿಂದ 2013ರವರೆಗಿನ ಇಂತಹ 160 ಘಟನೆಗಳನ್ನು ಅಮೆರಿಕದ ಎಫ್.ಬಿ.ಐ. ಇಲಾಖೆಯು ಪರಿಶೀಲಿಸಿತು. ಅವುಗಳಲ್ಲಿ 21ನ್ನು ನಿಲ್ಲಿಸಿದವರು ಬರಿಗೈಯ ನಾಗರಿಕರು. ಪೊಲೀಸರಲ್ಲದ ಶಸ್ತ್ರಧಾರಿಗಳು ಗುಂಡು ಹಾರಿಸಿ ಕೊನೆಗಂಡವು ಐದು ಮಾತ್ರ. ಆ ಐದರಲ್ಲಿಯೂ ನಾಲ್ಕು ಕಡೆ ಅವರು ಕಾವಲುಗಾರರು.

ಆದಕಾರಣ ಪತ್ರ ಬರೆದ ಮಹಾಶಯರಿಗೆ ನಮ್ಮ ಅಭಿಪ್ರಾಯವಿದು. ಘಾತುಕನು ಗುಂಡು ಹಾರಿಸುವುದನ್ನು ಸ್ವಂತ ಕಣ್ಣಿನಿಂದ ಕಂಡು, ಅವನ ಹಿಂದೆ ಜನರಿಲ್ಲವೆಂದು ತಿಳಿದು, ಕೈಯ ಅಭ್ಯಾಸವೂ ಉಳ್ಳವನು ಹೊಡೆಯಲಿ. ಹೊಡೆದೊಡನೆ ಆಯುಧವನ್ನು ಕೆಳಗಿಟ್ಟು ಬರಿಗೈಗಳನ್ನು ಎತ್ತಲಿ. ಬೇರೆ ಅಂಗಡಿಯಲ್ಲಿ ಸದ್ದು ಕೇಳಿ ಪಿಸ್ತೂಲು ಹಿಡಿದು ಹುಡುಕಿಕೊಂಡು ಹೋಗಕೂಡದು. ಹತ್ತಿರವಿದ್ದವರನ್ನು ಹೊರಕ್ಕೆ ಸಾಗಿಸುವುದು, ಗಾಯದ ಮೇಲೆ ಬಟ್ಟೆಯನ್ನು ಬಲವಾಗಿ ಒತ್ತಿ ರಕ್ತವನ್ನು ನಿಲ್ಲಿಸುವುದು, ಇವನ್ನು ಹೇಡಿತನವೆನ್ನುವವರು ಯಾರು?

ಇನ್ನೊಂದು ಮಾತು. ಮಾಲಿನ ಘಾತುಕನು ಮಗನ ಆಯುಷ್ಯದಲ್ಲಿ ಎದುರಾಗದೆಯೇ ಇರಬಹುದು. ಪಿಸ್ತೂಲಾದರೋ ದಿನದಿನವೂ ಮನೆಯಲ್ಲಿರುವುದು. 2020ರಲ್ಲಿ ಆ ದೇಶದ 1ರಿಂದ 19 ವರ್ಷದವರ ಮರಣಕಾರಣಗಳಲ್ಲಿ ಮೋಟಾರು ಅಪಘಾತವನ್ನೂ ಮೀರಿ ಬಂದೂಕವೇ ಮೊದಲನೆಯದಾಯಿತು. ಮೊಮ್ಮಗುವಿಗೆ ಈಗ ಎರಡು ವರ್ಷವೆಂದು ಪತ್ರದಲ್ಲಿದೆ. ಆಯುಧವನ್ನು ಕೊಳ್ಳುವುದೇ ಆದರೆ ಬೀಗದ ಪೆಟ್ಟಿಗೆಯನ್ನು ಮೊದಲು ಕೊಂಡಿರುವನೆ, ಅದರ ಕೈ ಯಾರ ವಶದಲ್ಲಿರುವುದು ಎಂಬುದನ್ನು ತಂದೆಯವರು ಮಗನನ್ನು ಕೇಳತಕ್ಕದ್ದು.