ಮೆಷಿನಿನ ಮಾತಿಗೂ ದುಡ್ಡಾ?

ಪುತ್ತೂರು, ಸುಳ್ಯ, ಕಡಬದಲ್ಲಿ ಮಳೆಗಾಲ ಅಂದರೆ ಡೆಂಗಿ ಭಯ, ಲ್ಯಾಬಿನೆದುರು ಪ್ಲೇಟ್‌ಲೆಟ್ ರಿಪೋರ್ಟಿಗೆ ಸಾಲು. ನಾನು ಕಂಡ ಒಂದು ಲ್ಯಾಬಿನಲ್ಲಿ ರಕ್ತಕಣ ಎಣಿಸುವ ಮೆಷಿನು ತೋರಿಸಿದ್ದನ್ನು ಚೀಟಿಯಲ್ಲಿ ಬರೆದು, ಪಕ್ಕದ ಕಂಪ್ಯೂಟರಿಗೆ ಕೈಯಲ್ಲೇ ಕುಟ್ಟುತ್ತಾರೆ! 12,000ಕ್ಕೆ ಒಂದು ಸೊನ್ನೆ ಹೆಚ್ಚು ಬಿತ್ತೋ, ಅದು 1,20,000... ಅಡ್ಮಿಟ್ ಆಗಬೇಕಾದವರು ಮನೆಗೆ ಹೋಗಿ ಗಂಜಿ ಉಂಡು ಮಲಗುತ್ತಾರೆ.

ಇಂಥ ಬಹಳಷ್ಟು ಮೆಷಿನುಗಳ ಹಿಂಬದಿಯಲ್ಲೇ ಸೀರಿಯಲ್ ಪೋರ್ಟ್ ಉಂಟು ಮಾರಾಯ್ರೆ. ಆರ್‌ಎಸ್-232, 1960ರ ಸ್ಟ್ಯಾಂಡರ್ಡು. ಮೂರು ತಂತಿ ಸಾಕು. ಎರಡೂ ಕಡೆ 9600 ಬಾಡ್ ಅಂತ ಹೊಂದಿಸಿದರೆ ಸೆಕೆಂಡಿಗೆ ಸುಮಾರು 960 ಅಕ್ಷರ. ಆದರೆ ಯಾವ ಅಕ್ಷರ ಏನು ಹೇಳುತ್ತದೆ ಅನ್ನುವ ಪ್ರೋಟೋಕಾಲ್ ಹಾಳೆ ಕೇಳಿದರೆ ಮಾರಿದವರು "ಅದಕ್ಕೆ ಬೇರೆ ಚಾರ್ಜು" ಅಂದರಂತೆ! ಲಕ್ಷಗಟ್ಟಲೆ ಸುರಿದ ಮೇಲೂ?

ಲ್ಯಾಬಿನವರೇ, ಆ ಹಾಳೆ ಕೈಗೆ ಬರುವ ತನಕ ಚೆಕ್ಕಿಗೆ ಸಹಿ ಹಾಕಬೇಡಿ.