ಹೊದಿಕೆಯ ಹಿಂಬದಿ

ಮೂರು ಚಮಚ ಉಪ್ಪಿಟ್ಟು ತಿಂದು ತಟ್ಟೆ ಸರಿಸುವ ಯಜಮಾನರನ್ನು ಕಂಡು ಮನೆಯವರು ಕಳವಳಗೊಳ್ಳುವುದು ಸಹಜವೇ. ಆದರೆ ತೂಕವಿಳಿಸುವ 'ಸ್ಲೀವ್' ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಪಾಲನ್ನೇ ತೆಗೆದಿರುವಾಗ ಅವರು ಉಣ್ಣುವುದಾದರೂ ಎಲ್ಲಿಗೆ? ಇತ್ತ ವೈದ್ಯರು ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕೆನ್ನುತ್ತಾರೆ; ಒಂದು ಮೊಟ್ಟೆಯಲ್ಲಿರುವುದು ಸುಮಾರು ಆರೇ ಗ್ರಾಂ. ಕೊರತೆಯಾದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಹೀಗೆ ಪ್ರೋಟೀನ್ ಬಾರ್ ಮನೆಯನ್ನು ಪ್ರವೇಶಿಸುತ್ತದೆ.

ಹೊದಿಕೆಯ ಮುಂಬದಿಯ ಚಿತ್ರಕ್ಕೆ ಮರುಳಾಗಿ ಅದನ್ನು ಕೊಳ್ಳುವುದೆಂದರೆ, ಭಾವಚಿತ್ರ ನೋಡಿಯೇ ವರನನ್ನು ಒಪ್ಪಿದಂತೆ. ಜಾತಕವಿರುವುದು ಹಿಂಬದಿಯಲ್ಲಿ. ಅಲ್ಲಿ '100 ಗ್ರಾಮಿಗೆ 30 ಗ್ರಾಂ ಪ್ರೋಟೀನು' ಎಂದಿದ್ದು, ಬಾರಿನ ತೂಕ 50 ಗ್ರಾಂ ಆಗಿದ್ದರೆ ಹೊಟ್ಟೆಗೆ ಸೇರುವುದು 15 ಮಾತ್ರ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಹಾಲಿನ ವೇ ಪ್ರೋಟೀನು ಅಥವಾ ಸೋಯಾ ಮೊದಲಿದ್ದರೆ ಸರಿ, ಗ್ಲೂಕೋಸ್ ಪಾಕವೋ ಖರ್ಜೂರವೋ ಇದ್ದರೆ ಅದು ಮಿಠಾಯಿಯೇ! ವಿಶೇಷವಾಗಿ 'ಬೈಪಾಸ್' ಆದವರಲ್ಲಿ ಸಕ್ಕರೆಯು ಥಟ್ಟನೆ ಕರುಳಿಗಿಳಿದು ಬೆವರು, ಎದೆಬಡಿತ, ಭೇದಿಗಳನ್ನು ತರಬಲ್ಲುದು. 'ಸಕ್ಕರೆರಹಿತ'ವೆಂಬುದನ್ನೂ ಕುರುಡಾಗಿ ನಂಬಲಾಗದು. ಅದರಲ್ಲಿ ಮಾಲ್ಟಿಟಾಲ್ ಹೆಚ್ಚಿದ್ದರೆ ಹೊಟ್ಟೆಯುಬ್ಬರ. ಕೊಲಾಜೆನ್ ಒಂದನ್ನೇ ನೆಚ್ಚಿದ ಬಾರಿನಲ್ಲಿ ದೇಹಕ್ಕೆ ಅವಶ್ಯವಾದ ಟ್ರಿಪ್ಟೊಫಾನ್ ಇರುವುದಿಲ್ಲ.

ಇದೆಲ್ಲ ಗಟ್ಟಿ ಆಹಾರಕ್ಕೆ ವೈದ್ಯರ ಅಪ್ಪಣೆ ದೊರೆತ ಮೇಲಿನ ಮಾತು. ಮೊದಲ ವಾರಗಳಲ್ಲಿ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಅಷ್ಟೆ. ಅನಂತರವೂ ಚೆನ್ನಾಗಿ ಅಗಿದು, ಈಗ ಅರ್ಧ, ಸಂಜೆಗೆ ಅರ್ಧ. ಆ ಉಳಿದರ್ಧವನ್ನು ಮೊಮ್ಮಕ್ಕಳ ಕೈಗೆ ಸಿಗದಂತೆ ಬಚ್ಚಿಡುವ ಹೊಣೆ ಮಾತ್ರ ಮನೆಯಾಕೆಯದು.